ಮಾದರಿ ರೋಗಿಯ ಬೆಲ್ಟು

ಇದನ್ನು ಬರೆಯುತ್ತಿರುವವನು ಎಣಿಸಮ್ಮನನ್ನು ಮೊದಲು ಕಂಡಾಗ ಕುರಿ ವ್ಯಾಪಾರದವಳು ಎಂದೇ ತಿಳಿದಿದ್ದ. ತಪ್ಪು ಪೂರ್ತಿ ಅವನದೂ ಅಲ್ಲ. ಬೆಳಗಿನ ಬಸ್ಸಿನ ಮುಂದಿನ ಸೀಟಿನಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಫೋನನ್ನು ಕಿವಿಗೊತ್ತಿಕೊಂಡು, "ಮೊನ್ನೆ ಅರವತ್ತೊಂದು, ಇವತ್ತು ಅರವತ್ತಮೂರೂವರೆನಾ? ಎರಡು ದಿನಕ್ಕೆ ಎರಡೂವರೆ ಕೆಜಿ ಯಾರಿಗಾದ್ರೂ ಮೈ ಬರುತ್ತೇನ್ರೀ? ಅದು ನೀರು. ಕಾಲು ಒತ್ತಿ ನೋಡಿ. ಗುಂಡಿ ಬೀಳುತ್ತಲ್ಲ? ನಂಗೊತ್ತಿತ್ತು. ಇವತ್ತೇ ಗಾಡಿ ಮಾಡ್ಕೊಂಡು ಎತ್ತಾಕ್ಕೊಂಡು ಬನ್ನಿ," ಎಂದು ಗದರುತ್ತಿದ್ದರೆ ಕೇಳಿದವರು ಏನಂದುಕೊಳ್ಳಬೇಕು? ತೂಕ ಬರಲೆಂದು ಕುರಿಗೆ ನೀರು ಕುಡಿಸಿ ಮಾರುವ ಕಳ್ಳರನ್ನು ಈಕೆ ಫೋನಿನಲ್ಲೇ ಹಿಡಿಯುತ್ತಾಳೆ ಎಂದು ಅವನು ಒಂದು ವಾರ ಮನಸ್ಸಿನಲ್ಲೇ ಮೆಚ್ಚಿಕೊಂಡ. ಎಂಟನೆಯ ದಿನ ತಡೆಯಲಾರದೆ, "ಆ ಅರವತ್ತು ಕೆಜಿ ಟಗರು ಕೊನೆಗೆ ಬಂತಾ?" ಎಂದು ಕೇಳಿಯೇಬಿಟ್ಟ.

ಆಕೆ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಂತು. ರಿಟೈರಾದ ಮೇಷ್ಟ್ರು ಅವರು. ಹೃದಯದ ಆಪರೇಷನ್ ಆಗಿ ಹನ್ನೊಂದು ದಿನ ಆಗಿತ್ತು."

ಉಳಿದ ದಾರಿಯಲ್ಲಿ ಟಗರಿನ ಮಾತು ಬರಲಿಲ್ಲ.

ಎಣಿಸಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ರೋಗಿಗಳು ಇಟ್ಟದ್ದು. ಇಪ್ಪತ್ತಮೂರು ವರ್ಷ ಆಕೆ ಹೃದಯದ ವಾರ್ಡಿನಲ್ಲಿ ನರ್ಸು. ಸೀಳಿ ಹೊಲಿದ ಎದೆಗಳನ್ನು ಎಷ್ಟು ನೋಡಿದ್ದಳೆಂದರೆ, ಬೀದಿಯಲ್ಲಿ ಯಾರಾದರೂ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡು ನಡೆದರೆ ಅವಳ ಕಣ್ಣು ತಾನಾಗಿ ಹೊಲಿಗೆ ಹುಡುಕುತ್ತಿತ್ತು. ಮಂಡಿ ಸವೆದು ವಾರ್ಡಿನ ಓಡಾಟ ಆಗದೆಂದಾಗ ಆಸ್ಪತ್ರೆಯವರು ಅವಳನ್ನು ನೆಲಮಾಳಿಗೆಯ ಒಂದು ಕೋಣೆಯಲ್ಲಿ ಕೂರಿಸಿದರು. ಮೊದಲು ಅಲ್ಲಿ ಹರಿದ ಹಾಸಿಗೆ, ಕಲೆ ಹೋಗದ ಹೊದಿಕೆಗಳನ್ನು ತುಂಬುತ್ತಿದ್ದರು. ಈಗ ಬಾಗಿಲ ಮೇಲೆ "ದೂರನಿಗಾ ಕೇಂದ್ರ" ಎಂಬ ಫಲಕ ಬಂದಿತ್ತು. ಫಲಕ ಹೊಸದು, ವಾಸನೆ ಮಾತ್ರ ಹಳೆಯದೇ.

ಕೆಲಸ ಹೇಳಲು ಸುಲಭ. ಹೃದಯದ ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಹೋಗುವವರಿಗೆಲ್ಲ ಆಸ್ಪತ್ರೆ ಒಂದು ಬೆಲ್ಟು ಕೊಡುತ್ತದೆ. ಬಟ್ಟೆಯ ಒಳಗೆ ಎದೆಗೆ ಕಟ್ಟಿಕೊಳ್ಳಬೇಕು. ಅದರಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಕಟ್ಟಿಕೊಂಡವನ ನಾಡಿ ಎಷ್ಟು, ಬಡಿತ ನೆಟ್ಟಗಿದೆಯೇ, ಎಷ್ಟು ಹೆಜ್ಜೆ ನಡೆದ, ಎಲ್ಲವನ್ನೂ ಆ ಡಬ್ಬಿ ಗಳಿಗೆಗಳಿಗೆಗೆ ನೆಲಮಾಳಿಗೆಗೆ ಚಾಡಿ ಹೇಳುತ್ತದೆ. ತೂಕವನ್ನು ರೋಗಿಯೇ ಬೆಳಿಗ್ಗೆ ನೋಡಿ ಫೋನಿನಲ್ಲಿ ಒತ್ತಿ ಕಳಿಸಬೇಕು. ಎಣಿಸಮ್ಮನ ಮುಂದಿನ ಪರದೆಯಲ್ಲಿ ಎಂಬತ್ತು ಚೌಕಗಳು, ಚೌಕಕ್ಕೊಬ್ಬ ರೋಗಿ. ಚೆನ್ನಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟರೆ ಕೆಂಪು.

ಈ ಬಣ್ಣಗಳ ಒಡೆಯರು ವ್ಯವಸ್ಥಾಪಕರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಹಸಿರು ಸಾಹೇಬರು ಎನ್ನುತ್ತಿದ್ದರು. ಒಬ್ಬ ರೋಗಿಯ ನಾಡಿಯನ್ನೂ ಅವರು ಜನ್ಮದಲ್ಲಿ ಹಿಡಿದು ನೋಡಿರಲಿಲ್ಲ. ಆದರೆ ದಿನಕ್ಕೆ ಮೂರು ಸಲ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು, ತಾವೇ ನೆಟ್ಟು ಬೆಳೆಸಿದ ತೋಟ ನೋಡುವವರಂತೆ ಪರದೆ ನೋಡುತ್ತಿದ್ದರು. "ತೊಂಬತ್ತೇಳು ಪರ್ಸೆಂಟ್ ಹಸಿರು, ಸಿಸ್ಟರ್! ಬೇರೆ ಯಾವ ಆಸ್ಪತ್ರೇಲಿದೆ?" ಮೇಲೆ ಬಾಗಿಲಲ್ಲಿ ಆ ದಿನದ ಅಂಕಿಯನ್ನು ದೊಡ್ಡ ಹಲಗೆಯ ಮೇಲೆ ಬರೆಸುತ್ತಿದ್ದರು. ಹಳದಿ ಕಂಡರೆ ಅವರ ಮುಖ ಬಾಡುತ್ತಿತ್ತು. ರೋಗಿಗೇನಾಯಿತೋ ಎಂದಲ್ಲ, ಹಲಗೆಗೇನಾಯಿತೋ ಎಂದು.

ಎಣಿಸಮ್ಮನಿಗೆ ಆ ಹಸಿರನ್ನು ಕಂಡರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಒಬ್ಬ ಬಡಗಿ. ಹೃದಯದ ಕವಾಟ ಬದಲಿಸಿಕೊಂಡು ಮನೆಗೆ ಹೋಗಿದ್ದವನು. ಒಂದು ಮಂಗಳವಾರ ಫೋನು ಮಾಡಿದಾಗ ಅವನು, "ಏನೂ ಇಲ್ಲ ಸಿಸ್ಟರ್... ಚೆನ್ನಾಗೇ... ಇದೀನಿ," ಎಂದಿದ್ದ. ಮೂರು ಮಾತಿಗೆ ಎರಡು ಕಡೆ ಉಸಿರು ನಿಂತಿತ್ತು. ಚೌಕ ಮಾತ್ರ ಎಳೆಹುಲ್ಲಿನ ಹಸಿರು. ಕರೆಸೋಣ ಎಂದಳು. ಸಾಹೇಬರು ಪರದೆ ತೋರಿಸಿ, "ಯಂತ್ರಕ್ಕಿಂತ ನಿಮ್ಮ ಕಿವಿ ದೊಡ್ಡದಾ?" ಎಂದರು. ಬುಧವಾರ ಬಡಗಿಯ ಮಗಳು ಬೆಲ್ಟನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬಂದು ವಾಪಸು ಕೊಟ್ಟಳು. ಗುರುವಾರ ಅದನ್ನು ಒಗೆಸಿ ಇನ್ನೊಬ್ಬರಿಗೆ ಕಟ್ಟಿದರು. ಹಲಗೆಯ ಮೇಲೆ ಆ ವಾರ ತೊಂಬತ್ತೆಂಟು. ಸತ್ತ ಮೇಲೆ ಕೆಂಪಾದ ಅವನ ಚೌಕವನ್ನು ಪಟ್ಟಿಯಿಂದ ತೆಗೆದಿದ್ದರಲ್ಲ, ಅಷ್ಟರಮಟ್ಟಿಗೆ ಶೇಕಡಾ ಏರಿತ್ತು.

ಅಂದಿನಿಂದ ಆಕೆ ಎಣಿಸಲು ಹಚ್ಚಿದಳು. ಫೋನು ಎತ್ತಿದವರಿಗೆ ನಮಸ್ಕಾರಕ್ಕೂ ಮೊದಲು, "ಉಸಿರು ಎಳ್ಕೊಳ್ಳಿ. ಒಂದೇ ಉಸಿರಲ್ಲಿ ಒಂದರಿಂದ ಶುರುಮಾಡಿ ಎಣಿಸಿ." ಮೂವತ್ತು ದಾಟಿದರೆ ಪಾಸು. ಇಪ್ಪತ್ತಕ್ಕೆ ನಿಂತರೆ ನಾಳೆ ಮತ್ತೆ. ಹದಿನೈದರೊಳಗೆ ನಿಂತರೆ ಆಸ್ಪತ್ರೆಗೆ. ಇದು ಯಾವ ಕೈಪಿಡಿಯಲ್ಲೂ ಕೋಣೆಯ ನಿಯಮವೆಂದು ಬರೆದಿರಲಿಲ್ಲ. ವಾರ್ಡಿನಲ್ಲಿದ್ದಾಗ ಹಳೆಯ ಡಾಕ್ಟರೊಬ್ಬರು ಮಾಡಿಸುತ್ತಿದ್ದುದನ್ನು ನೋಡಿ ಕಲಿತದ್ದು. ರೋಗಿಗಳೂ ಹೊಂದಿಕೊಂಡರು. ಕೆಲವರು ಫೋನು ಬರುವ ಮೊದಲೇ ಅಭ್ಯಾಸ ಮಾಡಿ, "ಇವತ್ತು ನಲವತ್ತೊಂದು, ಎಣಿಸಮ್ಮ!" ಎಂದು ಬೀಗುತ್ತಿದ್ದರು.

ಸಾಹೇಬರು ಒಮ್ಮೆ ಇದನ್ನು ಕೇಳಿಸಿಕೊಂಡು, "ಇದೇನ್ ಸಿಸ್ಟರ್, ಇಷ್ಟೆಲ್ಲಾ ಯಂತ್ರ ಇಟ್ಕೊಂಡು ಮಗ್ಗಿ ಹೇಳಿಸ್ತಿದೀರಾ? ನೋಡಿದವರು ಶಿಶುವಿಹಾರ ಅಂದ್ಕೋತಾರೆ," ಎಂದಿದ್ದರು.

"ಶಿಶುವಿಹಾರದಲ್ಲಿ ಮಕ್ಕಳು ಸಾಯಲ್ಲ ಸಾರ್," ಎಂದಿದ್ದಳು ಆಕೆ.

ಮನೆಯಲ್ಲಿ ಅವಳ ಗಂಡ ದರ್ಜಿ. ಮುಂಬಾಗಿಲಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿರುತ್ತಿದ್ದ. ಹೆಂಡತಿ ಗೇಟು ತೆರೆಯುವ ರೀತಿಯಲ್ಲೇ ಅವನಿಗೆ ಎಲ್ಲಾ ತಿಳಿಯುತ್ತಿತ್ತು. "ಏನೇ, ಮುಖ ಹಿಂಗೆ ಹಿಂಡ್ಕೊಂಡಿದೀಯ? ಇವತ್ತು ಎಲ್ಲಾ ಹಸಿರಾ?"

"ಎಲ್ಲಾ ಹಸಿರು. ಥೂ."

"ಹಂಗಾದ್ರೆ ನಾಳೆ ಯಾರಿಗೋ ಕಷ್ಟ," ಎಂದು ಅವನು ಮತ್ತೆ ತುಳಿಯತೊಡಗುತ್ತಿದ್ದ.

ಇಂಥ ಹೊತ್ತಿನಲ್ಲಿ ದೊಡ್ಡವರು ಆಸ್ಪತ್ರೆಗೆ ಬಂದರು. ದೊಡ್ಡವರು ಎಂದು ಅವರ ಮನೆಯಲ್ಲಿ ಕರೆಯುತ್ತಿದ್ದರು. ಅವರು ತಮ್ಮನ್ನು ತಾವು ಹಾಗೆಯೇ ಭಾವಿಸಿದ್ದರಿಂದ ಆಸ್ಪತ್ರೆಯಲ್ಲೂ ಅದೇ ಉಳಿಯಿತು. ಯಾವುದೋ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಮೇಲಧಿಕಾರಿ. ಅಷ್ಟೂ ವರ್ಷ ಅವರು ಸ್ವಂತ ಕೈಯಿಂದ ಮಾಡಿದ ಕೆಲಸ ಒಂದೇ, ಕಾಗದದ ಮೂಲೆಯಲ್ಲಿ ಹಸಿರು ಶಾಯಿಯ ಸಣ್ಣ ಸಹಿ. ಉಳಿದದ್ದನ್ನು ಕೆಳಗಿನವರು ಮಾಡುತ್ತಿದ್ದರು. ನಿವೃತ್ತರಾದ ಮೇಲೆ ಕೆಳಗಿನವರೆಲ್ಲ ಹೋಗಿ ಒಬ್ಬರೇ ಉಳಿದಿದ್ದರು, ಅವರ ಹೆಂಡತಿ.

ಮೂರು ರಕ್ತನಾಳ ಕಟ್ಟಿಕೊಂಡಿದ್ದವು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವ ದಿನ ಅಪಾಯ ಅಳೆಯುವ ಫಾರಂ ತುಂಬಿಸಲು ಎಣಿಸಮ್ಮನೇ ವಾರ್ಡಿಗೆ ಹೋದಳು. ಹದಿನೈದು ಪ್ರಶ್ನೆ. ಉತ್ತರ ಕೂಡಿಸಿದರೆ ರೋಗಿಗೆ ಮುಂದೆ ಅಪಾಯ ಎಷ್ಟು ಎಂದು ಯಂತ್ರ ಹೇಳುತ್ತದೆ.

"ಸಿಟ್ಟು ಬರುತ್ತಾ ಸಾರ್, ಆಗಾಗ?"

"ಯಾರು ಹೇಳಿದ್ದು ನಿಮಗೆ?" ಎಂದು ದೊಡ್ಡವರು ಅಬ್ಬರಿಸಿದರು. "ಇಲ್ಲ ಅಂತ ಬರೀರಿ!"

ಇಲ್ಲ ಎಂದು ಬರೆದಳು.

"ಉಪ್ಪು ಕಡಿಮೆ ತಿಂತೀರಾ?"

"ಹಾಕೋಳನ್ನ ಕೇಳಿ."

ಹಾಕುವವಳು ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಫ್ಲಾಸ್ಕು, ಕಂಕುಳಲ್ಲಿ ಎಕ್ಸ್‌ರೇಗಳ ದೊಡ್ಡ ಲಕೋಟೆ. ದೊಡ್ಡವರ ಚಪ್ಪಲಿಯೂ ಅವಳ ಕೈಯಲ್ಲೇ ಇತ್ತು, ಯಾಕೆಂದರೆ ದೊಡ್ಡವರು ಇನ್ನೂ ಮಂಚದ ಮೇಲಿದ್ದರು. ಆಕೆಗೆ ಅರವತ್ತರ ಆಸುಪಾಸು. ಹಣೆಯ ಮೇಲೆ ಬೆವರು. ಫ್ಲಾಸ್ಕು ಹಿಡಿದ ಕೈಯ ಹಿಂಬದಿಯಿಂದ ದವಡೆ ಒತ್ತಿಕೊಳ್ಳುತ್ತಿದ್ದಳು.

"ಹಲ್ಲುನೋವಾ ಅಮ್ಮಾ?" ಎಂದಳು ಎಣಿಸಮ್ಮ, ಬರೆಯುತ್ತಲೇ.

"ಹ್ಞೂಂ... ಏನೋ. ಮೆಟ್ಟಿಲು ಹತ್ತಿದ್ರೆ ಒಂಥರಾ ಹಿಡ್ಕೊಳ್ಳುತ್ತೆ."

"ಹದಿನೈದನೇ ಪ್ರಶ್ನೆ ಕೇಳ್ರೀ," ಎಂದರು ದೊಡ್ಡವರು. "ಗಾಡಿ ಕಾಯ್ತಿದೆ."

ಹದಿನೈದನೆಯ ಪ್ರಶ್ನೆ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ ಎಂಬುದು. ದೊಡ್ಡವರು ಹಿಂದೆ ತಿರುಗದೆ ಹೆಬ್ಬೆರಳಿನಿಂದ ಗೋಡೆಯತ್ತ ತೋರಿಸಿ, "ಇದೆಯಲ್ಲ," ಎಂದರು. ಎಣಿಸಮ್ಮ "ಪತ್ನಿ" ಎಂದು ಬರೆದಳು. ಆ ಸಾಲಿನಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವಿರಲಿಲ್ಲ. ಯಂತ್ರ ಎಲ್ಲವನ್ನೂ ಕೂಡಿಸಿ, ಕಡಿಮೆ ಅಪಾಯ ಎಂದಿತು. ಮೆಟ್ಟಿಲು ಹತ್ತಿದರೆ ಹಿಡಿದುಕೊಳ್ಳುವ ಹಲ್ಲುನೋವು ಜಗತ್ತಿನಲ್ಲಿ ಇಲ್ಲವೆಂದು ಇಪ್ಪತ್ತಮೂರು ವರ್ಷದ ನರ್ಸಿಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಕೈಯಲ್ಲಿ ಫಾರಂ ಇತ್ತು, ಫಾರಂ ಗಂಡನದಾಗಿತ್ತು. ಮುಂದೆ ಇದನ್ನು ನೆನೆದಾಗಲೆಲ್ಲ ಅವಳಿಗೆ ಸಾಹೇಬರ ಮೇಲಿನ ಅಸಹ್ಯದಲ್ಲಿ ಅರ್ಧ ಪಾಲು ತನ್ನ ಕಡೆಗೇ ತಿರುಗುತ್ತಿತ್ತು.

ಮೊದಲ ನಾಲ್ಕು ದಿನ ದೊಡ್ಡವರ ಚೌಕ ಹಳದಿ. ಆಕೆ ದಿನಾ ಫೋನು ಮಾಡಿ ಬೈದಳು. "ಸಾರ್, ನಿನ್ನೆ ನಡೆದಿದ್ದು ನೂರಿಪ್ಪತ್ತು ಹೆಜ್ಜೆ. ಕುರ್ಚಿಯಿಂದ ಊಟದ ಮೇಜಿಗೇ ಅಷ್ಟಾಗುತ್ತೆ. ಎದ್ದು ಓಡಾಡಿ." ದೊಡ್ಡವರಿಗೆ ಇದು ಸಹಿಸಲಾಗದ ಮಾತು. ತಮ್ಮ ಹೆಜ್ಜೆಯನ್ನು ನೆಲಮಾಳಿಗೆಯ ನರ್ಸೊಬ್ಬಳು ಎಣಿಸುವುದೇ?

ಐದನೆಯ ದಿನ ಬೆಳಿಗ್ಗೆ ಚೌಕ ಹಸಿರಾಯಿತು. ಬರಿಯ ಹಸಿರಲ್ಲ. ಬೆಳಿಗ್ಗೆ ಐದೂವರೆಗೆ ಹೆಜ್ಜೆ ಶುರುವಾದರೆ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಆರು ಸಾವಿರ, ಏಳು ಸಾವಿರ, ಒಂಬತ್ತು ಸಾವಿರ. ಸಾಹೇಬರ ಯಂತ್ರದಲ್ಲಿ ಹೆಜ್ಜೆಗೆ ಅಂಕಗಳಿದ್ದವು. ನಡುನಡುವೆ ನಾಡಿ ನೂರಿಪ್ಪತ್ತಕ್ಕೇರಿದರೆ ಯಂತ್ರ ಅದನ್ನು ವ್ಯಾಯಾಮ ಎಂದು ತಿಳಿದು ಇನ್ನೂ ಅಂಕ ಕೊಟ್ಟಿತು. ಹನ್ನೊಂದು ಗಂಟೆಯ ಹೊತ್ತಿಗೆ ಬಡಿತ ಹಳಿ ತಪ್ಪಿ ತಟಪಟ ಎಂದರೆ, ಬೆಲ್ಟು ಸಡಿಲವಾಗಿದೆ ಎಂದುಕೊಂಡು ಆ ಭಾಗವನ್ನೇ ಅಳಿಸಿಹಾಕಿತು. ಎರಡೇ ವಾರಕ್ಕೆ ದೊಡ್ಡವರು ಎಂಬತ್ತು ಮಂದಿಯಲ್ಲಿ ಮೊದಲಿಗರು. ಸಾಹೇಬರು ತಿಂಗಳ ಮಾದರಿ ರೋಗಿ ಎಂಬ ಪ್ರಶಸ್ತಿಪತ್ರ ಅಚ್ಚು ಹಾಕಿಸಿದರು. ಮೂವತ್ತನೆಯ ದಿನ ಕೊಡುವುದು, ಭಾವಚಿತ್ರವನ್ನು ಮೇಲಿನ ಹಜಾರದಲ್ಲಿ ತೂಗುಹಾಕುವುದು ಎಂದು ಫೋನಿನಲ್ಲಿ ತಿಳಿಸಿದರು. ದೊಡ್ಡವರು ಆಗಲೇ ಕೋಟು ಇಸ್ತ್ರಿಗೆ ಕೊಟ್ಟರೆಂದು ಕೇಳಿಕೆ.

ಎಣಿಸಮ್ಮ ಮಾತ್ರ ಅಳಿಸಿಹಾಕಿದ ಭಾಗಗಳನ್ನು ದಿನಾ ತೆರೆದು ನೋಡುತ್ತಿದ್ದಳು. ಸಂಜೆ ಫೋನು ಮಾಡಿ ಎಣಿಸಲು ಹೇಳಿದರೆ ದೊಡ್ಡವರು ಸಲೀಸಾಗಿ ಪಾಸಾಗುತ್ತಿದ್ದರು. ಒಬ್ಬ ಮನುಷ್ಯನ ಎದೆ ಸೀಳಿ ಇನ್ನೂ ತಿಂಗಳೂ ಆಗಿಲ್ಲ. ಅವನು ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ ಓಡಾಡುತ್ತಾನೆ. ಊಟದ ಹೊತ್ತಿಗೆ ಜಾಸ್ತಿ ಓಡಾಡುತ್ತಾನೆ. ಊಟವಾದ ಮೇಲೆ ಒಂದು ಗಂಟೆ ಒಂದೇ ಜಾಗದಲ್ಲಿ ನಿಂತು ಮೈ ಅಲುಗಿಸುತ್ತಾನೆ. ಇದೆಂಥ ವ್ಯಾಯಾಮ? ಇನ್ನೂ ಕೆಟ್ಟದ್ದೆಂದರೆ ತಟಪಟ ದಿನದಿನಕ್ಕೆ ಉದ್ದವಾಗುತ್ತಿತ್ತು. ಮೊದಲು ಐದು ಬಡಿತ, ಆಮೇಲೆ ಹತ್ತು. ಹತ್ತೊಂಬತ್ತನೆಯ ದಿನ ಅದು ಅರ್ಧ ನಿಮಿಷ ನಡೆಯಿತು. ಆ ಬೆಲ್ಟಿನೊಳಗಿನ ಜೀವ ಹೆಚ್ಚು ದಿನ ತಡೆಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಬಡಗಿಯ ಮಗಳ ಚೀಲ ಕಣ್ಣ ಮುಂದೆ ಬಂತು.

ಅರ್ಧ ನಿಮಿಷದ ಆ ಗೆರೆ ಪರದೆಯ ಮೇಲೆ ಇನ್ನೂ ಓಡುತ್ತಿರುವಾಗಲೇ ಫೋನು ಮಾಡಿದಳು.

"ಹೇಳಿ ಸಿಸ್ಟರ್," ಎಂದರು ದೊಡ್ಡವರು, ತುಂಬು ಗಂಟಲಿನಲ್ಲಿ. "ಫೋಟೋ ವಿಷಯಾನಾ?"

"ಏನ್ ಮಾಡ್ತಿದೀರಾ ಸಾರ್?"

"ಪೇಪರ್ ಓದ್ತಾ ಕೂತಿದೀನಿ."

ಪರದೆಯಲ್ಲಿ ಹೆಜ್ಜೆ ಏರುತ್ತಿತ್ತು. ಎರಡು ಸಾವಿರದ ನಾನೂರ ಹತ್ತು, ಹನ್ನೊಂದು, ಹನ್ನೆರಡು. ನಾಡಿ ನೂರ ಮೂವತ್ತು.

"ಕೂತಿದೀರಾ?"

"ಕೂತಿದೀನಿ ಅಂದ್ನಲ್ಲ!"

"ಒಂದುಸಿರಲ್ಲಿ ಎಣಿಸಿ."

ದೊಡ್ಡವರು ಎಣಿಸಿದರು. ನಲವತ್ತಾರಕ್ಕೆ ಹೋಗಿ ನಿಲ್ಲಿಸಿ, "ಇನ್ನೂ ಬೇಕಾ?" ಎಂದರು. ನಾಡಿ ನೂರ ಮೂವತ್ತಿರುವವನು, ಬಡಿತ ದಿಕ್ಕೆಟ್ಟವನು, ನಲವತ್ತಾರು ಎಣಿಸಲಾರ. ಎಣಿಸಮ್ಮನ ಬೆನ್ನು ನೆಟ್ಟಗಾಯಿತು.

"ಸಾರ್, ಬೆಲ್ಟು ಹಾಕ್ಕೊಂಡಿದೀರಾ?"

"ಮತ್ತೆ? ಹಗಲೂ ರಾತ್ರಿ ಹಾಕ್ಕೊಂಡೇ ಇರೋದು. ನಿಮ್ಮ ಲೆಕ್ಕದಲ್ಲಿ ಬರ್ತಿಲ್ವಾ?"

"ಬರ್ತಿದೆ. ಡಬ್ಬಿ ಸ್ವಲ್ಪ ಸರಿದಿರೋ ಹಾಗಿದೆ. ಮೂರು ಸಲ ಬೆರಳಲ್ಲಿ ತಟ್ಟಿ, ನೋಡೋಣ."

ತಟ್ಟಿದರೆ ಗೆರೆಯಲ್ಲಿ ಮೂರು ಚೂಪು ಗೋಪುರ ಏಳಬೇಕು. ಫೋನಿನಲ್ಲಿ ಟಕ್ ಟಕ್ ಟಕ್ ಎಂದು ಕೇಳಿಸಿತು, ಮರದ ಸದ್ದು. ಕುರ್ಚಿಯ ಕೈ ಇರಬೇಕು. ಪರದೆಯಲ್ಲಿ ಏನೂ ಏಳಲಿಲ್ಲ.

"ಬರ್ಲಿಲ್ಲ ಸಾರ್. ಡಬ್ಬಿ ಮೇಲೇ ತಟ್ಟಿ."

ಆ ಕಡೆ ಫೋನಿನ ಮೇಲೆ ಅಂಗೈ ಮುಚ್ಚಿದ ಸದ್ದು. ಮೂವತ್ತನಾಲ್ಕು ವರ್ಷ ಕೆಳಗಿನವರನ್ನು ಕೂಗಿ ಕೂಗಿ ಪಳಗಿದ ಗಂಟಲು ಅಂಗೈಯೊಂದಕ್ಕೆ ಅಡಗುವುದೇ? ಸ್ಪಷ್ಟವಾಗಿ ಕೇಳಿಸಿತು. "ಏಯ್! ಇಲ್ಲಿ ಕೇಳೇ! ಅದನ್ನ ಮೂರು ಸಲ ತಟ್ಟು! ತಟ್ಟೇ ಅಂದ್ರೆ! ಪಾತ್ರೆ ಆಮೇಲೆ ತೊಳೀಬಹುದು!"

ಪರದೆಯಲ್ಲಿ ಒಂದು, ಎರಡು, ಮೂರು ಗೋಪುರ ಎದ್ದವು.

"ಈಗ ಬಂತಾ?" ಎಂದರು ದೊಡ್ಡವರು, ಗೆದ್ದವರ ದನಿಯಲ್ಲಿ.

ಎಣಿಸಮ್ಮನಿಗೆ ಉಗಿಯಬೇಕೆನ್ನಿಸಿತು, ಜಾಗವಿರಲಿಲ್ಲ. "ಬಂತು," ಎಂದಳು. "ಫೋನು ಅಮ್ಮನಿಗೆ ಕೊಡಿ."

"ಅವಳ್ಯಾಕೆ? ಅವಳಿಗೇನು ಗೊತ್ತಾಗುತ್ತೆ? ಏನಿದ್ರೂ ನಂಗ್ಹೇಳಿ."

"ಫೋಟೋ ವಿಷಯ ಸಾರ್. ಮನೆಯವರನ್ನೇ ಕೇಳ್ಬೇಕು."

ಫೋನು ಕೈ ಬದಲಾಯಿತು. ಒದ್ದೆ ಕೈ ಒರೆಸಿಕೊಳ್ಳುವ ಸದ್ದು, ಉಬ್ಬಸದ ಉಸಿರು.

"ಅಮ್ಮಾ, ಆ ಬೆಲ್ಟು ನಿಮ್ಮ ಮೈಮೇಲೆ ಎಷ್ಟು ದಿನದಿಂದ ಇದೆ?"

"ಅವ್ರಿಗೆ ಕಡಿತ ಆಗುತ್ತಂತೆ ಕಣಮ್ಮ," ಎಂದಳು ಆಕೆ, ತಪ್ಪು ತನ್ನದೇ ಎಂಬಂತೆ. "ನೀನು ಹೆಂಗೂ ಓಡಾಡ್ತಾನೇ ಇರ್ತೀಯಲ್ಲ, ನೀನೇ ಹಾಕ್ಕೋ ಅಂದ್ರು. ನಂಗೇನು... ಭಾರ ಇಲ್ವಲ್ಲ. ಬೈಬೇಡಿ ಅವ್ರಿಗೆ."

"ಬೈಯಲ್ಲ. ನೀವೊಂದು ಎಣಿಸಿ ನನಗೆ. ಒಂದೇ ಉಸಿರಲ್ಲಿ."

"ಒಂದು, ಎರಡು, ಮೂರು, ನಾಲ್ಕು, ಐದು, ಆರು... ಏಳು..." ಎಂಟು ಬರಲಿಲ್ಲ.

"ದವಡೆ?"

"ಇವತ್ತು ತೋಳಿಗೂ ಬಂದಿದೆ. ಗ್ಯಾಸು ಅಂತಾರೆ ಇವ್ರು."

"ಅಲ್ಲೇ ಕೂತ್ಕೊಳ್ಳಿ. ನೆಲದ ಮೇಲೇ ಕೂತ್ಕೊಳ್ಳಿ. ಗೋಡೆಗೆ ಒರಗಿ. ಏಳಬೇಡಿ, ಯಾರು ಏನು ಕೇಳಿದ್ರೂ ಏಳಬೇಡಿ."

"ಅಯ್ಯೋ, ಊಟದ ಹೊತ್ತಾಯ್ತು ಇವ್ರಿಗೆ."

"ಒಂದು ದಿನ ಉಪವಾಸ ಇದ್ರೆ ಅವರೇನೂ ಸಾಯಲ್ಲ. ಎದ್ರೆ ನೀವು ಸಾಯ್ತೀರಿ."

ಆ ಕಡೆ ನೆಲಕ್ಕೆ ಕುಸಿದು ಕೂತ ಸದ್ದಾಯಿತು. ಬಹುಶಃ ಮದುವೆಯಾದಾಗಿನಿಂದ ಮೊದಲ ಸಲ ಆ ಹೊತ್ತಿನಲ್ಲಿ ಆಕೆ ಕೂತದ್ದು.

ಆಂಬುಲೆನ್ಸ್ ಕಳಿಸಬೇಕಾದರೆ ರೋಗಿಯ ನೋಂದಣಿ ಸಂಖ್ಯೆ ಒತ್ತಬೇಕು. ಪತ್ನಿಗೆ ಸಂಖ್ಯೆ ಇಲ್ಲ. ಎಣಿಸಮ್ಮ ಗಂಡನ ಸಂಖ್ಯೆ ಒತ್ತಿದಳು. ಚೌಕ ಹಸಿರಿದೆ, ನಿಜವಾಗಿಯೂ ಕಳಿಸಬೇಕೇ ಎಂದು ಯಂತ್ರ ಕೇಳಿತು. ಹೌದು ಒತ್ತಿದಳು. ಹಸಿರು ಅಲ್ಲಿಗೆ ಕೆಂಪಾಯಿತು. ಎರಡೇ ನಿಮಿಷದಲ್ಲಿ ಸಾಹೇಬರು ಮೆಟ್ಟಿಲಿಳಿದು ಬಂದರು, ಏದುಸಿರು ಬಿಡುತ್ತ. ಅವರಿಗೂ ಎಣಿಸಲು ಹೇಳಬೇಕೆಂದು ಆಕೆಗೆ ಒಂದು ಗಳಿಗೆ ಅನ್ನಿಸಿತು.

"ಮಾದರಿ ರೋಗಿಗೆ ಆಂಬುಲೆನ್ಸ್ ಕಳಿಸಿದೀರಾ? ಏನ್ ಸಿಸ್ಟರ್ ಇದು! ಪ್ರಶಸ್ತಿಪತ್ರ ಅಚ್ಚಾಗಿದೆ!"

"ಅವರಿಗಲ್ಲ ಸಾರ್, ಅವರ ಹೆಂಡತಿಗೆ. ಬೆಲ್ಟು ಆಕೆ ಮೈಮೇಲಿದೆ. ಹದಿನೈದು ದಿನದಿಂದ ನೀವು ಅಂಕ ಕೊಟ್ಟಿದ್ದು ಆಕೆಯ ಹೃದಯಾಘಾತಕ್ಕೆ."

ಸಾಹೇಬರು ಪರದೆ ನೋಡಿದರು, ಆಕೆಯನ್ನು ನೋಡಿದರು. "ಆಕೆ ನಮ್ಮ ರೋಗಿನೇ ಅಲ್ಲ. ಹೊರಗಿನವರಿಗೆ ಹೋದ ಗಾಡಿ ನಮ್ಮ ಶೇಕಡಾದಲ್ಲಿ ಹೇಗೆ ತೋರಿಸೋದು? ಗಾಡಿ ವಾಪಸ್ ಕರೀರಿ. ಅವರೇ ಆಟೋದಲ್ಲಿ ಬರಲಿ."

ಎಣಿಸಮ್ಮ ಕುರ್ಚಿಯನ್ನು ಎಳೆದು ಫೋನಿಗೂ ಅವರಿಗೂ ನಡುವೆ ಹಾಕಿಕೊಂಡು, ಅವರಿಗೆ ಬೆನ್ನು ಮಾಡಿ ಕೂತಳು. ಇಪ್ಪತ್ತಮೂರು ವರ್ಷದಲ್ಲಿ ಮೇಲಿನವರಿಗೆ ಅವಳು ಬೆನ್ನು ತೋರಿಸಿದ್ದು ಅದೊಂದೇ ಸಲ.

ಕಾಲು ಗಂಟೆಗೆ ಆಂಬುಲೆನ್ಸಿನವನ ಫೋನು ಬಂತು. "ಸಿಸ್ಟರ್, ಇಲ್ಲೊಂದು ಗಲಾಟೆ. ಹೆಸರು ಕೂಗಿದ ತಕ್ಷಣ ಒಬ್ರು ಕೋಟು ಹಾಕ್ಕೊಂಡು ಬಂದು ಸ್ಟ್ರೆಚರ್ ಮೇಲೆ ಮಲಗಿಬಿಟ್ರು. ಫೋಟೋಗೆ ಕರ್ಕೊಂಡು ಹೋಗೋಕೆ ಬಂದಿದೀರಾ ಅಂತಾರೆ. ಒಳಗೆ ಅಡುಗೆಮನೇಲಿ ಒಬ್ಬಮ್ಮ ನೆಲದ ಮೇಲೆ ಕೂತಿದಾರೆ, ಬೆವರಿಳೀತಾ ಇದೆ. ಚೀಟೀಲಿ ಗಂಡಸಿನ ಹೆಸರಿದೆ. ಯಾರನ್ನ ತರ್ಬೇಕು?"

"ಚೀಟಿ ಹರಿದು ಹಾಕು. ಬೆಲ್ಟು ಯಾರ ಮೈಮೇಲಿದೆಯೋ ಅವರನ್ನ ತಾ."

"ಮಲಗಿರೋವ್ರು ಏಳ್ತಾ ಇಲ್ಲ."

"ಹಂಗೇ ವಾಲಿಸು."

ವಾಲಿಸಿದನೋ, ತಾವೇ ಎದ್ದರೋ, ಅದನ್ನು ಅವನು ಕೊನೆಯವರೆಗೂ ಹೇಳಲಿಲ್ಲ. ಕೇಳಿದರೆ ನಗುತ್ತಿದ್ದ.

ಪತ್ನಿ ಬಂದಳು. ಆಸ್ಪತ್ರೆಯ ಬಾಗಿಲಿನಲ್ಲೇ ಒಮ್ಮೆ ಬಡಿತ ಪೂರ್ತಿ ಕೆಟ್ಟು, ಶಾಕ್ ಕೊಟ್ಟು ಸರಿಮಾಡಿದರು. ಎಡಗಡೆಯ ದೊಡ್ಡ ರಕ್ತನಾಳ ಕೂದಲೆಳೆಯಷ್ಟು ಜಾಗ ಬಿಟ್ಟು ಉಳಿದದ್ದೆಲ್ಲ ಕಟ್ಟಿತ್ತು. ಅದನ್ನು ಬಿಡಿಸಿ ಒಳಗೆ ಸ್ಟೆಂಟು ಕೂರಿಸಿದ ಡಾಕ್ಟರು ಹೊರಗೆ ಬಂದು ಮುಖವಸ್ತ್ರ ಇಳಿಸಿ, "ಮನೇಲಿ ಆಗಿದ್ರೆ ಅಲ್ಲಿಗೆ ಮುಗೀತಿತ್ತು. ಇದಕ್ಕೆ ಮೊದಲು ಯಾವತ್ತಾದ್ರೂ ತಪಾಸಣೆ ಮಾಡಿಸಿದ್ರಾ?" ಎಂದು ದೊಡ್ಡವರನ್ನು ಕೇಳಿದರು.

"ಇವಳಿಗಾ?" ಎಂದರು ದೊಡ್ಡವರು, ಮನೆಯ ಬಾಗಿಲಿಗೆ ಲಸಿಕೆ ಹಾಕಿಸಿದಿರಾ ಎಂದು ಕೇಳಿದಂತೆ ಬೆರಗಾಗಿ.

ಎಣಿಸಮ್ಮ ಮೂರನೆಯ ದಿನ ವಾರ್ಡಿಗೆ ಹತ್ತಿ ಹೋದಳು. ಹಜಾರದಲ್ಲಿ ಹೊಸ ಹಲಗೆ ತೂಗಿತ್ತು: "ನೋಂದಣಿಗೂ ಮುನ್ನವೇ ರೋಗಿಯನ್ನು ಪತ್ತೆಹಚ್ಚಿದ ನಮ್ಮ ಯಂತ್ರ." ಕೆಳಗೆ ಪರದೆಯ ಪಕ್ಕ ಕೈಕಟ್ಟಿ ನಿಂತ ಸಾಹೇಬರ ಚಿತ್ರ. ಹದಿನೈದು ದಿನ ಅಂಕ ಕೊಟ್ಟು, ಗೆರೆ ಅಳಿಸಿ, ಕೊನೆಗೆ ಗಾಡಿ ವಾಪಸು ಕರೆಯಲು ಹೊರಟವರು. ಅವಳು ಒಂದು ಕ್ಷಣ ನಿಂತು ಓದಿದಳು. ಕೈಯಲ್ಲಿದ್ದ ಲೋಟದ ಕಾಫಿಯನ್ನು ಕುಡಿಯಲಾಗದೆ ಹತ್ತಿರದ ಸಿಂಕಿಗೆ ಸುರಿದಳು.

ವಾರ್ಡಿನಲ್ಲಿ ಪತ್ನಿ ದಿಂಬಿಗೊರಗಿ ಕೂತಿದ್ದಳು. ಕೈಯಲ್ಲಿ ಚೀಲವಿಲ್ಲ, ಫ್ಲಾಸ್ಕಿಲ್ಲ. ಎರಡೂ ಕೈಗಳನ್ನು ಹೊದಿಕೆಯ ಮೇಲೆ ಇಟ್ಟುಕೊಂಡು, ಇವನ್ನೇನು ಮಾಡುವುದು ಎಂಬಂತೆ ನೋಡುತ್ತಿದ್ದಳು. ಎಣಿಸಮ್ಮನನ್ನು ಕಂಡದ್ದೇ, "ಎಣಿಸ್ಲಾ?" ಎಂದು ಕೇಳಿ, ಇಪ್ಪತ್ತೆರಡರವರೆಗೆ ಹೋದಳು. ನಗು ಬಂದು ಅಲ್ಲಿಗೆ ನಿಂತಿತು.

"ಅವತ್ತು ಫಾರಂ ತುಂಬಿಸೋವಾಗಲೇ ನಾನು ನಿಮ್ಮನ್ನ ಕೇಳ್ಬೇಕಿತ್ತು," ಎಂದಳು ಎಣಿಸಮ್ಮ.

"ಕೇಳಿದ್ರಲ್ಲಮ್ಮ, ಹಲ್ಲುನೋವಾ ಅಂತ. ಅಷ್ಟು ಕೇಳಿದ್ದೂ ನೀವೊಬ್ರೇ."

ಎಣಿಸಮ್ಮ ಆಸ್ಪತ್ರೆಯಿಂದ ಕೊಟ್ಟ ಹೊಸ ಬೆಲ್ಟನ್ನು ತೆಗೆದು ಪತ್ನಿಯ ಹಾಸಿಗೆಯ ಮೇಲಿಟ್ಟಳು. ಇದು ಅವಳದೇ ಹೆಸರಿನದು, ಅವಳದೇ ಸಂಖ್ಯೆ. ಹಳೆಯದನ್ನು ಒರೆಸಿ, ಪಕ್ಕದ ಕುರ್ಚಿಯಲ್ಲಿದ್ದ ದೊಡ್ಡವರ ಮಡಿಲಿಗೆ ಹಾಕಿದಳು. ದೊಡ್ಡವರು ಮೂರು ದಿನದಿಂದ ಆ ಕುರ್ಚಿಯಲ್ಲೇ ಇದ್ದರು. ಮನೆಯಲ್ಲಿ ಲೋಟ ಎಲ್ಲಿದೆ ಎಂದು ಗೊತ್ತಿಲ್ಲದ್ದರಿಂದ ಮನೆಗೆ ಹೋಗಲಾಗಿರಲಿಲ್ಲ. ಕೋಟು ಸುಕ್ಕಾಗಿತ್ತು. ಅವರು ಬೆಲ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತಿರುಗಿಸಿ ನೋಡಿದರು. ಹೆಂಡತಿಯತ್ತ ನೋಡಿದರು. ಅವಳ ಮೈಮೇಲೆ ಈಗ ಅವಳದೇ ಬೆಲ್ಟು ಬರುತ್ತದೆ ಎಂಬುದು ಅವರ ತಲೆಗೆ ಹೊಕ್ಕಿತು. ಹುಬ್ಬು ಗಂಟಾಯಿತು. ಇಲಾಖೆಯಲ್ಲಿ ಒಬ್ಬ ಗುಮಾಸ್ತ ರಜೆ ಹಾಕಿದಾಗ ಬರುತ್ತಿದ್ದ ಗಂಟು.

"ಅಲ್ಲ ಸಿಸ್ಟರ್," ಎಂದರು, ನಿಜವಾದ ಚಿಂತೆಯಿಂದ. "ಹಾಗಾದ್ರೆ ಇನ್ಮೇಲೆ ನನ್ನ ಬೆಲ್ಟು ಯಾರು ಹಾಕ್ಕೋಬೇಕು?"

"ನೀವೇ ಹಾಕ್ಕೊಂಡು ಸಾಯಿರಿ," ಎಂದಳು ಎಣಿಸಮ್ಮ.